ಟೈಮಮ್ಮನ ಮಾತ್ರೆ ತಟ್ಟೆ

ಆ ಹೆಂಗಸಿನ ಎದೆಯೊಳಗೆ ಗಡಿಯಾರ ಇದೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ಅವಳ ತಲೆ ಕಂಡರೆ ಹಾಲಿನವನು ಬರುವ ಹೊತ್ತು, ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದಾದರೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುವ ಹೊತ್ತು. ಎದುರುಮನೆಯ ಮೇಷ್ಟ್ರ ಗೋಡೆ ಗಡಿಯಾರ ನಿಂತು ವರ್ಷವಾಗಿದ್ದರೂ ಅವರು ರಿಪೇರಿಗೆ ಕೊಟ್ಟಿರಲಿಲ್ಲ. "ಎದುರಿಗೇ ಒಂದು ಓಡಾಡ್ತಾ ಇದೆಯಲ್ಲ, ಅದಕ್ಕೆ ಕೀ ಕೊಡೋ ತಾಪತ್ರಯಾನೂ ಇಲ್ಲ" ಎನ್ನುತ್ತಿದ್ದರು.

ಇವರೆಲ್ಲ ಹೇಳಿದ್ದರಲ್ಲಿ ಎರಡು ತಪ್ಪಿತ್ತು. ಗಡಿಯಾರ ಇದ್ದದ್ದು ಎದೆಯಲ್ಲಲ್ಲ, ಗಂಟಲಲ್ಲಿ. ಮತ್ತು ಅದಕ್ಕೆ ಕೀ ಕೊಡಲೇಬೇಕಿತ್ತು, ದಿನಾ ಬೆಳಿಗ್ಗೆ. ಆದರೆ ಇದು ಗೊತ್ತಾಗುವ ಹೊತ್ತಿಗೆ ಊರಿನ ಅರ್ಧ ಜನ ಬಸ್ಸು ತಪ್ಪಿಸಿಕೊಂಡು, ಇನ್ನರ್ಧ ಜನ ಬಸ್ಸು ಕಾದು ಕಾದು, ಎಲ್ಲರೂ ಸರ್ಕಾರವನ್ನು ಬೈದು ಮುಗಿಸಿದ್ದರು.

ಅವಳನ್ನು ಎಲ್ಲರೂ ಟೈಮಮ್ಮ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಟೈಮ್ ಕೀಪರ್ ಅವಳು. ಪ್ಲಾಟ್‌ಫಾರಮ್ಮಿನ ನಡುವೆ ಗಾಜಿನ ಒಂದು ಗೂಡು, ಗೂಡಿನಲ್ಲಿ ಒಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಟೈಮಮ್ಮ, ಕೊರಳಲ್ಲಿ ಸೀಟಿ. ಅವಳು ಸೀಟಿ ಊದದೆ ಯಾವ ಬಸ್ಸಿನ ಚಕ್ರವೂ ಉರುಳುವಂತಿಲ್ಲ. ಮೀಸೆ ತಿರುವಿಕೊಂಡು ಬರುವ ಡ್ರೈವರುಗಳು ಗೂಡಿನ ಕಂಡಿಯ ಮುಂದೆ ಬಂದರೆ ಬೆನ್ನು ಬಗ್ಗಿಸಿ ಮಾತಾಡುತ್ತಿದ್ದರು. ಕಂಡಿ ಅಷ್ಟು ಕೆಳಗಿತ್ತು ಎನ್ನುವುದು ಒಂದು ಕಾರಣ, ಅವಳ ಬಾಯಿ ಇನ್ನೊಂದು ಕಾರಣ.

ಅವಳಿಗೆ ಎಲ್ಲಕ್ಕಿಂತ ಕೋಪ ಬರಿಸುತ್ತಿದ್ದದ್ದು ಒಂದೇ ಮಾರ್ಗದ ಎರಡು ಬಸ್ಸು ಒಂದರ ಬೆನ್ನಿಗೆ ಇನ್ನೊಂದು ಹೊರಡುವುದು. ಹಾರ್ನಣ್ಣ ಎಂದು ಹೆಸರಾಗಿದ್ದ ಒಬ್ಬ ಡ್ರೈವರು, ಇರುವೆ ಅಡ್ಡ ಬಂದರೂ ಹಾರ್ನ್ ಹೊಡೆಯುವವನು, ಆಗಾಗ ಈ ಕೆಲಸ ಮಾಡಿ ಸಿಕ್ಕಿಬೀಳುತ್ತಿದ್ದ.

"ಅಲ್ಲಯ್ಯಾ, ಇಬ್ಬರೂ ಒಟ್ಟಿಗೆ ಹೋದ್ರೆ ಏನಾಗುತ್ತೆ? ಮುಂದಿನವನು ಜನಾನೆಲ್ಲ ತುಂಬ್ಕೊಂಡು ಹೋಗ್ತಾನೆ, ನೀನು ಖಾಲಿ ಸೀಟುಗಳಿಗೆ ಊರು ತೋರಿಸ್ಕೊಂಡು ಬರ್ತೀಯ. ಮಧ್ಯ ಗ್ಯಾಪು ಬೇಕು, ಗ್ಯಾಪು!"

"ಜೊತೆಗೆ ಹೋದ್ರೆ ಮಾತಾಡ್ಕೊಂಡು ಹೋಗಬಹುದು ಅಂತ, ಟೈಮಮ್ಮ."

"ಮಾತಾಡೋಕೆ ಮನೆ ಇದೆ. ಬಸ್ಸಿಗೆ ಗ್ಯಾಪು ಬೇಕು."

ಈ ಮಾತನ್ನು ಅವಳು ಆ ಕಂಡಿಯಿಂದ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಗೂಡಿನ ಪಕ್ಕದಲ್ಲಿ ಪೇಪರು ಮಾರುವವನಿಗೂ ಬಾಯಿಪಾಠವಾಗಿತ್ತು.

ನಿಲ್ದಾಣದ ಹಿಂದಿನ ಗೋಡೆಗೆ ಅಂಟಿಕೊಂಡಂತೆ ನೌಕರರ ಕ್ವಾರ್ಟರ್ಸು. ಅಲ್ಲಿ ಎರಡು ಕೋಣೆಯ ಮನೆ, ಅದರಲ್ಲಿ ಅವಳು, ಅವಳ ಯಜಮಾನರು, ಅತ್ತೆ. ಯಜಮಾನರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿ ಜೋಡಿಸಿ ಕಣ್ಣು ಮಂಜಾಗಿ ಮನೆಯಲ್ಲಿ ಕೂತವರು. ಬಿಪಿ ಇತ್ತು, ಆದರೆ ಅದನ್ನು ಏರಿಸಿಕೊಳ್ಳುವಷ್ಟು ಮಾತು ಅವರ ಬಾಯಲ್ಲಿರಲಿಲ್ಲ. ಅತ್ತೆಗೆ ಮೂಳೆ ಸವೆದಿತ್ತು, ಮಾತು ಸವೆದಿರಲಿಲ್ಲ.

ಟೈಮಮ್ಮ ಪಾಳಿ ಕೆಲಸದಲ್ಲಿ ಇದ್ದಷ್ಟು ವರ್ಷವೂ ಆ ಮನೆಯಲ್ಲಿ ಮೂವರು ಒಟ್ಟಿಗೆ ಕೂತು ಒಂದು ಲೋಟ ಕಾಫಿ ಕುಡಿದದ್ದಿಲ್ಲ. ಅವಳು ಉಣ್ಣುವಾಗ ಅವರು ಮಲಗಿರುತ್ತಿದ್ದರು, ಅವರು ಉಣ್ಣುವಾಗ ಇವಳು ಊದುತ್ತಿರುತ್ತಿದ್ದಳು. ಆದ್ದರಿಂದ ಹಗಲು ಪಾಳಿ ಕಾಯಂ ಆದ ದಿನವೇ ಅವಳು ಮನೆಗೊಂದು ಕಾನೂನು ಮಾಡಿದಳು. ಬೆಳಿಗ್ಗೆ ಮೂವರೂ ಒಂದೇ ಮೇಜಿಗೆ ಕೂರಬೇಕು. ತಿಂಡಿ ಒಟ್ಟಿಗೆ, ಹಾಲು ಹಾಕಿದ ಕಾಫಿ ಒಟ್ಟಿಗೆ, ಮಾತ್ರೆಯೂ ಒಟ್ಟಿಗೆ. ಮೇಜಿನ ನಡುವೆ ಒಂದು ಸಣ್ಣ ಸ್ಟೀಲಿನ ತಟ್ಟೆ. ಅದರಲ್ಲಿ ಮನೆಯವರ ಅಷ್ಟೂ ಮಾತ್ರೆ. ಅತ್ತೆಯ ಸುಣ್ಣದ ಮಾತ್ರೆ, ಅಂದರೆ ಕ್ಯಾಲ್ಸಿಯಂ, ದೊಡ್ಡದು, ಬಿಳಿದು. "ಮೂಳೆಗೆ ಒಳ್ಳೇದು, ನೀನೂ ಒಂದು ನುಂಗು" ಎಂದು ಅತ್ತೆ ದಿನಾ ಒಂದನ್ನು ಸೊಸೆಯ ಕಡೆ ತಳ್ಳುತ್ತಿದ್ದರು. ಟೈಮಮ್ಮ ನುಂಗುತ್ತಿದ್ದಳು. ಬಡಿಸಿದ್ದನ್ನು ಬೇಡ ಎನ್ನುವುದು ಅವಳ ಜಾಯಮಾನವಲ್ಲ. ಆ ತಟ್ಟೆಯನ್ನು ನೋಡಿದಾಗಲೆಲ್ಲ, ಈಗ ಇದು ಮನೆಯಾಯಿತು ಎಂದು ಅವಳಿಗೆ ಅನಿಸುತ್ತಿತ್ತು.

ಹೀಗಿರುವಾಗ ಟೈಮಮ್ಮ ನಿಧಾನವಾದಳು.

ಮೊದಲು ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ತಡವಾಯಿತು. ಮೇಷ್ಟ್ರ ಮಗಳಿಗೆ ಸ್ಕೂಲಿನಲ್ಲಿ ಬೈಗುಳ ಬಿತ್ತು. ಆಮೇಲೆ ಮುಖ ಊದಿತು, ಬಾಚಣಿಗೆಯ ತುಂಬ ಕೂದಲು ಬಂತು, ಬಿಸಿಲಿನಲ್ಲೂ ಸ್ವೆಟರ್ ಬೇಕಾಯಿತು. ಒಂದು ಮಧ್ಯಾಹ್ನ ಗಾಜಿನ ಗೂಡಿನೊಳಗೆ ಗಲ್ಲ ಎದೆಗೆ ತಾಗಿಸಿ ನಿದ್ದೆ ಹೋದಳು. ಬಾಯಲ್ಲಿ ಸೀಟಿ ಇತ್ತು. ಉಸಿರಾಡಿದಾಗ ಸಣ್ಣಗೆ ಕುಯ್ ಎನ್ನುತ್ತಿತ್ತು, ಆದರೆ ಬಸ್ಸು ಹೊರಡಿಸುವಷ್ಟು ದಮ್ಮು ಅದರಲ್ಲಿರಲಿಲ್ಲ. ಸಾಲಾಗಿ ನಿಂತ ಬಸ್ಸುಗಳು, ಒಳಗೆ ಬೆವರುವ ಜನ, ಮತ್ತು ಎಬ್ಬಿಸುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಹಾರ್ನಣ್ಣನೇ ಹಾರ್ನ್ ಹೊಡೆದ. ಆ ಮನುಷ್ಯನ ಹಾರ್ನಿಗೆ ಅರ್ಥವಿದ್ದದ್ದು ಅದೊಂದೇ ಸಲ.

ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರಮ್ಮ ಹೇಳಿದರು: "ನಿಮ್ಮ ಗಂಟಲಲ್ಲಿರೋ ಥೈರಾಯ್ಡ್ ಗ್ರಂಥಿ ಸೋಮಾರಿ ಆಗಿದೆ."

"ಸೋಮಾರಿ? ನನ್ನೊಳಗಾ?" ಟೈಮಮ್ಮನಿಗೆ ಕಾಯಿಲೆಗಿಂತ ಆ ಶಬ್ದವೇ ಹೆಚ್ಚು ನೋಯಿಸಿತು.

"ಈ ನಂಬರ್ ನೋಡಿ, ಟಿಎಸ್‌ಎಚ್. ಇದು ಮೆದುಳು ಗ್ರಂಥಿಗೆ ಕೊಡೋ ಆಜ್ಞೆ. ಗ್ರಂಥಿ ಕೆಲಸ ಮಾಡದಷ್ಟೂ ಇದು ಏರುತ್ತೆ."

"ಅಂದ್ರೆ ಸೀಟಿ ಊದ್ತಾನೇ ಇದೆ, ಡ್ರೈವರ್ ಏಳ್ತಿಲ್ಲ."

"ಹಾಂ, ಹಾಗೇ ಅನ್ಕೊಳ್ಳಿ. ಜೊತೆಗೆ ಕಬ್ಬಿಣದ ದಾಸ್ತಾನೂ ತಳ ಕಂಡಿದೆ. ಎರಡಕ್ಕೂ ಮಾತ್ರೆ ಬರೀತೀನಿ. ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ ಬರೀ ನೀರಲ್ಲಿ ನುಂಗಿ. ಒಂದು ಗಂಟೆ ಬೇರೇನೂ ಬೇಡ. ಕಬ್ಬಿಣದ್ದು ಮಧ್ಯಾಹ್ನಕ್ಕಿರಲಿ."

ಟೈಮಮ್ಮ ಹೂಂ ಎಂದಳು. ಕಿವಿಗೆ ಬಿದ್ದದ್ದೂ ನಿಜ. ಆದರೆ ಮನೆ ತಲುಪುವಷ್ಟರಲ್ಲಿ ಅವಳು ತೀರ್ಮಾನ ಮಾಡಿಯಾಗಿತ್ತು. ಒಂದು ಮಾತ್ರೆಗೆ ಒಂದು ಹೊತ್ತು, ಇನ್ನೊಂದಕ್ಕೆ ಇನ್ನೊಂದು ಹೊತ್ತು, ಇವೆಲ್ಲ ಮರೆವಿನವರಿಗೆ ಹೇಳುವ ಮಾತು. ತನ್ನ ಮನೆಯಲ್ಲಿ ಕಾನೂನಿದೆ, ತಟ್ಟೆ ಇದೆ. ತಟ್ಟೆಯಲ್ಲಿಟ್ಟದ್ದು ತಪ್ಪುವ ಪ್ರಶ್ನೆಯೇ ಇಲ್ಲ. ಮರುದಿನದಿಂದ ಥೈರಾಯ್ಡಿನ ಪುಟ್ಟ ಮಾತ್ರೆ, ಕಬ್ಬಿಣದ ಕೆಂಪು ಮಾತ್ರೆ, ಸುಣ್ಣದ ಬಿಳಿ ಮಾತ್ರೆ ಮೂರೂ ಕಾಫಿಯ ಒಂದೇ ಗುಟುಕಿನಲ್ಲಿ, ತಿಂಡಿಯ ಮೊದಲ ತುತ್ತಿಗೆ ಮುಂಚೆ, ಅವಳ ಗಂಟಲಿನಿಂದ ಕೆಳಗಿಳಿದವು.

ಮುಂದಿನ ಪರೀಕ್ಷೆಯಲ್ಲಿ ನಂಬರ್ ಇಳಿದಿರಲಿಲ್ಲ. ಡಾಕ್ಟರಮ್ಮ ಐವತ್ತು ಮೈಕ್ರೋಗ್ರಾಮಿನ ಮಾತ್ರೆಯನ್ನು ಎಪ್ಪತ್ತೈದು ಮಾಡಿದರು. ಅದಾದ ಮೇಲೆ ನೂರು. ಆಮೇಲೆ ನೂರಾ ಇಪ್ಪತ್ತೈದು.

"ತಪ್ಪದೆ ತಗೋತಿದೀರಾ?"

"ನಾನು? ತಪ್ಪೋದು?"

"ಖಾಲಿ ಹೊಟ್ಟೇಲಿ?"

"ತಿಂಡಿಗೆ ಮುಂಚೆ, ಡಾಕ್ಟರಮ್ಮ." ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜೊತೆಗೆ ಏನೇನು ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

ಈ ನಡುವೆ ಡಿಪೋ ಮ್ಯಾನೇಜರು ಅವಳನ್ನು ಕರೆಸಿದರು. ಅವರು ಕೆಟ್ಟವರಲ್ಲ, ಆದರೆ ಪ್ರಯಾಣಿಕರ ದೂರಿನ ಪೆಟ್ಟಿಗೆ ಅವರ ಕೋಣೆಯ ಬಾಗಿಲಲ್ಲೇ ಇತ್ತು ಮತ್ತು ಅದರ ಮುಚ್ಚಳ ಈಗ ಮುಚ್ಚುತ್ತಿರಲಿಲ್ಲ.

"ನೋಡಿಮ್ಮ, ನಿಮ್ಮ ಆರೋಗ್ಯ ಮುಖ್ಯ. ಕಳೆದ ಸಾಮಾನಿನ ಕೋಣೆಗೆ ಹೋಗಿ ಆರಾಮಾಗಿರಿ. ನಿವೃತ್ತಿಗೆ ಇನ್ನೆಷ್ಟು, ಎರಡು ವರ್ಷ ಅಲ್ವಾ?"

ಟೈಮಮ್ಮನ ಕಣ್ಣ ಮುಂದೆ ಆ ಕೋಣೆ ಬಂತು. ಒಂಟಿ ಚಪ್ಪಲಿ, ಕಡ್ಡಿ ಮುರಿದ ಕೊಡೆ, ಹಳಸಿದ ವಾಸನೆಯ ಟಿಫಿನ್ ಡಬ್ಬಿ, ಗೋಡೆಯ ಮೇಲೆ ಗಡಿಯಾರವೂ ಇಲ್ಲ. ಅಲ್ಲಿಗೆ ಹೋದ ನೌಕರರನ್ನೂ ಯಾರೂ ಹುಡುಕಿಕೊಂಡು ಬರುತ್ತಿರಲಿಲ್ಲ. ತನ್ನ ಕೊನೆಯ ದಿನ ತಾನು ಆ ಗಾಜಿನ ಗೂಡಿನಿಂದಲೇ ಇಳಿಯಬೇಕು ಎನ್ನುವುದು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದೇ ಒಂದು ಆಸೆ.

"ಸ್ವಲ್ಪ ಟೈಮ್ ಕೊಡಿ ಸಾರ್" ಎಂದಳು. ಟೈಮಮ್ಮ ಇನ್ನೊಬ್ಬರ ಹತ್ತಿರ ಟೈಮ್ ಕೇಳಿದ್ದು ಅದೇ ಮೊದಲು.

"ಆಯ್ತು. ಆದ್ರೆ ಡಾಕ್ಟರ್ ಹತ್ರ ಸರಿಯಾದ ರಿಪೋರ್ಟ್ ತರಬೇಕು."

ಅಷ್ಟರಲ್ಲಿ ದೂರದ ಊರಿನಲ್ಲಿದ್ದ ನಾದಿನಿ ಕಾಲು ಮುರಿದುಕೊಂಡಳು. ಮಗಳ ಮನೆಗೆ ಅತ್ತೆ ಹೊರಟರು, ಅತ್ತೆಯ ಚೀಲ ಹೊರಲು ಯಜಮಾನರು ಹೊರಟರು. ಹೋಗಿ ಎರಡು ತಿಂಗಳು ಅಲ್ಲೇ ಉಳಿದರು. ಒಬ್ಬಳಿಗೋಸ್ಕರ ಮೇಜು ಜೋಡಿಸುವುದೇನು ಎಂದು ಟೈಮಮ್ಮ ತಟ್ಟೆಯನ್ನು ಕವುಚಿಟ್ಟಳು. ಎದ್ದಾಗ ಕೈಗೆ ಸಿಕ್ಕ ಪುಟ್ಟ ಮಾತ್ರೆಯನ್ನು ನೀರಿನಲ್ಲಿ ನುಂಗಿ, ಬಟ್ಟೆ ಒಗೆದು, ನೆಲ ಒರೆಸಿ, ತಿಂಡಿ ಕಾಫಿ ಎಲ್ಲ ನಿಲ್ದಾಣದ ಕ್ಯಾಂಟೀನಿನಲ್ಲೇ ಮುಗಿಸುತ್ತಿದ್ದಳು. ಸುಣ್ಣದ ಮಾತ್ರೆಯನ್ನು ತಳ್ಳುವವರಿರಲಿಲ್ಲ. ಕಬ್ಬಿಣದ್ದು ಡಬ್ಬಿಯಲ್ಲೇ ಮರೆತುಹೋಯಿತು.

ಆಗ ಶುರುವಾಯಿತು ನೋಡಿ. ಮೊದಲು ನಿದ್ದೆ ಬಿಟ್ಟಿತು, ಸ್ವೆಟರು ಮೂಲೆ ಸೇರಿತು, ಮುಖದ ಊತ ಇಳಿಯಿತು. ಆಹಾ ಎನ್ನುವಷ್ಟರಲ್ಲಿ ಎದೆ ಹೊಡೆದುಕೊಳ್ಳತೊಡಗಿತು, ಬೆರಳು ನಡುಗಿದವು, ಬಸ್ಸು ನಿಂತಿದ್ದನ್ನು ಕಂಡರೆ ಮೈ ಉರಿಯತೊಡಗಿತು. ಇಷ್ಟು ದಿನ ತಡವಾಗುತ್ತಿದ್ದ ಬಸ್ಸುಗಳು ಈಗ ಹೊತ್ತಿಗೆ ಮುಂಚೆಯೇ ಹೊರಟವು.

"ಟೈಮಮ್ಮ, ನನ್ನ ಕಂಡಕ್ಟರ್ ಇನ್ನೂ ಹತ್ತಿಲ್ಲ!" ಹಾರ್ನಣ್ಣ ಕಿಟಕಿಯಿಂದ ಕೂಗಿದ.

"ಓಡ್ಬಂದು ಹತ್ಲಿ! ಕಾಲಿಲ್ವಾ ಅವನಿಗೆ?"

"ಬಾತ್‌ರೂಮಲ್ಲಿದಾನೆ!"

"ಮುಂದಿನ ಬಸ್ಸಲ್ಲಿ ಬರ್ಲಿ!" ಎಂದು ಊದಿಯೇ ಬಿಟ್ಟಳು. ಊರಿನ ಜನ ಬಸ್ಸಿನ ಹಿಂಬದಿಯ ಬೋರ್ಡು ನೋಡಿಕೊಂಡು ಅದರ ಹಿಂದೆ ಓಡಿದರು. ದೂರಿನ ಪೆಟ್ಟಿಗೆಗೆ ಇನ್ನೊಂದು ಬಗೆಯ ದೂರು ಬಿತ್ತು. ಊರಿನ ಬಸ್ಸುಗಳ ಸಮಯವನ್ನು ಮೇಲಿನ ಆಫೀಸು ನಿರ್ಧರಿಸುತ್ತದೆ ಎಂದು ಎಲ್ಲರೂ ನಂಬಿದ್ದರು. ಅದನ್ನು ಆಗ ನಿರ್ಧರಿಸುತ್ತಿದ್ದದ್ದು ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಾತ್ರೆ.

ಪರೀಕ್ಷೆ ಮಾಡಿಸಿದರೆ ನಂಬರ್ ನೆಲ ಕಚ್ಚಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಮಾತ್ರೆಯನ್ನು ನೂರಕ್ಕೆ ಇಳಿಸಿದರು. ಅದೇ ವಾರ ಅತ್ತೆ, ಯಜಮಾನರು ವಾಪಸ್ ಬಂದರು. ತಟ್ಟೆ ಮತ್ತೆ ಅಂಗಾತವಾಯಿತು. ಮುಂದಿನ ಪರೀಕ್ಷೆಯಲ್ಲಿ ನಂಬರ್ ಮತ್ತೆ ಅಟ್ಟ ಹತ್ತಿ ಕೂತಿತ್ತು. ಗೂಡಿನಲ್ಲಿ ಟೈಮಮ್ಮ ಮತ್ತೆ ಆಕಳಿಸುತ್ತಿದ್ದಳು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಜಾರು ಮಾಡ್ಕೋಬೇಡಿ. ನಿಜ ಹೇಳಿ. ಮಧ್ಯ ಮಧ್ಯ ಮಾತ್ರೆ ಬಿಡ್ತೀರಾ? ಮರೀತೀರಾ? ಮರೆಯೋದು ತಪ್ಪೇನಲ್ಲ."

ಕಳ್ಳಿ ಎಂದಿದ್ದರೂ ಟೈಮಮ್ಮ ತಡೆದುಕೊಳ್ಳುತ್ತಿದ್ದಳೇನೋ. ಮರೆವು ಎಂದದ್ದು ಕರುಳಿಗೇ ಚುಚ್ಚಿತು. ಎದ್ದು ಬಂದಳು. ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಎಲ್ಲ ಜೋಡಿಸಿದ ಮೇಲೆ, ಯಾರೂ ಮುಟ್ಟುವ ಮೊದಲೇ, ತಟ್ಟೆಯನ್ನು ಹಾಗೇ ಎತ್ತಿದಳು.

"ಎಲ್ಲಿಗೆ ಕಣೇ?" ಎಂದರು ಯಜಮಾನರು.

"ಸಾಕ್ಷಿ ಹೇಳೋಕೆ."

"ನನ್ನ ಮಾತ್ರೆ!" ಎಂದರು ಅತ್ತೆ.

"ನಿಮ್ಮದೂ ಸಾಕ್ಷೀನೇ."

ಒಂದು ಕೈಯಲ್ಲಿ ಕರವಸ್ತ್ರ ಮುಚ್ಚಿದ ತಟ್ಟೆ, ಇನ್ನೊಂದು ಕೈಯಲ್ಲಿ ಮುಚ್ಚಳ ಹಾಕಿದ ಕಾಫಿ ಲೋಟ. ನಿಲ್ದಾಣದ ಮುಂದಿನ ರಸ್ತೆಯಲ್ಲಿ ಟೈಮಮ್ಮ ಹಾಗೆ ನಡೆದದ್ದನ್ನು ಹಣ್ಣಿನಂಗಡಿಯವರು, ಚಪ್ಪಲಿ ಹೊಲಿಯುವವರು ಎಲ್ಲ ನೋಡಿದರು. ಕ್ಲಿನಿಕ್ಕಿನಲ್ಲಿ ಕಾದಿದ್ದ ರೋಗಿಗಳು ದಾರಿ ಬಿಟ್ಟರು. ಅವಳ ಮುಖ ಹಾಗಿತ್ತು. ಡಾಕ್ಟರಮ್ಮನ ಮೇಜಿನ ಮೇಲೆ ತಟ್ಟೆಯಿಟ್ಟು ಕರವಸ್ತ್ರ ಎಳೆದಳು.

"ನೋಡಿ. ಇದು ನಿಮ್ಮ ಥೈರಾಯ್ಡು. ಇದು ಕಬ್ಬಿಣ. ಇದು ನಮ್ಮತ್ತೆಯ ಸುಣ್ಣ, ನಾನೂ ಒಂದು ತಗೋತೀನಿ. ಇದು ಹಾಲು ಹಾಕಿದ ಕಾಫಿ. ಎಲ್ಲ ಒಂದೇ ಹೊತ್ತಿಗೆ, ಒಂದೇ ಗುಟುಕಿಗೆ. ಅತ್ತೆ ಊರಲ್ಲಿ ಇಲ್ಲದ ಎರಡು ತಿಂಗಳು ತಟ್ಟೆ ಇಡದಿದ್ರೂ ನಿಮ್ಮ ಥೈರಾಯ್ಡ್ ಮಾತ್ರೇನ ನೀರಲ್ಲಿ ನುಂಗಿದೀನಿ. ಒಂದು ದಿನ, ಒಂದೇ ಒಂದು ದಿನ ತಪ್ಪಿಸಿಲ್ಲ. ಈಗ ಹೇಳಿ, ನಾನು ಮರೀತೀನಾ?"

ಡಾಕ್ಟರಮ್ಮ ತಟ್ಟೆ ನೋಡಿದರು, ಲೋಟ ನೋಡಿದರು, ಕೈಯಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತು ಅವರ ಭುಜ ಮಾತ್ರ ಅಲುಗಿತು.

"ಇಲ್ಲಮ್ಮ. ನೀವು ಮರೆತಿಲ್ಲ. ಒಂದು ದಿನಾನಾದ್ರೂ ಮರೆತಿದ್ರೆ ಚೆನ್ನಾಗಿತ್ತು." ಆಮೇಲೆ ಗಂಭೀರವಾಗಿ, "ತಪ್ಪು ನನ್ನದೂ ಇದೆ. ಮಾತ್ರೆ ಏರಿಸೋ ಮೊದಲು ಇದನ್ನ ಕೇಳಬೇಕಿತ್ತು. ಈ ಸುಣ್ಣ, ಈ ಕಬ್ಬಿಣ ಇದಾವಲ್ಲ, ಇವು ಹೊಟ್ಟೇಲಿ ಥೈರಾಯ್ಡ್ ಮಾತ್ರೇನ ಹಿಡ್ಕೊಂಡುಬಿಡ್ತವೆ. ಕಾಫಿ, ತಿಂಡೀನೂ ಅಡ್ಡ ಬರ್ತವೆ. ಅದು ರಕ್ತಕ್ಕೆ ಸರಿಯಾಗಿ ಸೇರೋದೇ ಇಲ್ಲ. ಅತ್ತೆ ಊರಲ್ಲಿ ಇಲ್ಲದಾಗ ಬರೀ ನೀರಲ್ಲಿ ತಗೊಂಡ್ರಿ, ಪೂರ್ತಿ ಸೇರ್ತು, ಹೆಚ್ಚಾಯ್ತು. ಅವುಗಳ ಮಧ್ಯ ನಾಲ್ಕು ಗಂಟೆಯಾದ್ರೂ..." ಎಂದು ಡಾಕ್ಟರಮ್ಮ ಶಬ್ದಕ್ಕೆ ತಡಕಾಡಿದರು.

"ಗ್ಯಾಪು" ಎಂದಳು ಟೈಮಮ್ಮ.

ಅವಳು ಕುರ್ಚಿಯಲ್ಲಿ ಕೂತಳು. ಒಂದೇ ಮಾರ್ಗಕ್ಕೆ ಮೂರು ಬಸ್ಸು, ಒಂದೇ ಸಲ ಸೀಟಿ ಊದಿ. ದಿನಾ. ತನ್ನ ಕೈಯಾರೆ. ಹಾರ್ನಣ್ಣನಿಗೆ ಎಷ್ಟು ಸಲ ಮೆಮೋ ಕೊಟ್ಟಿದ್ದಳು! ತನಗೆ ಯಾರು ಕೊಡಬೇಕು? ತಟ್ಟೆಯ ಮೇಲೆ ಮತ್ತೆ ಕರವಸ್ತ್ರ ಮುಚ್ಚಿದಳು, ಸತ್ತದ್ದಕ್ಕೆ ಮುಚ್ಚುವ ಹಾಗೆ.

"ಮಾತ್ರೆ ಬದಲಾಯಿಸಲ್ಲ, ನೂರೇ ಇರಲಿ. ಹೊತ್ತು ಬದಲಾಯಿಸಿ. ಸುಣ್ಣದ್ದು ನಿಮಗೆ ಬೇಕೋ ಬೇಡವೋ ಆಮೇಲೆ ಪರೀಕ್ಷೆ ಮಾಡಿ ಹೇಳ್ತೀನಿ. ಆರು ವಾರ ಆದ್ಮೇಲೆ ಬನ್ನಿ. ಮಧ್ಯ ಎದೆ ಹೊಡ್ಕೊಂಡ್ರೆ ಕಾಯಬೇಡಿ, ತಕ್ಷಣ ಬನ್ನಿ."

ಹೊತ್ತು ಬದಲಾಯಿಸುವುದು ಬಸ್ಸಿನ ವಿಷಯದಲ್ಲಿ ಸುಲಭ. ಮನೆಯಲ್ಲಿ ಅತ್ತೆ ಇದ್ದರು.

"ಅವಳದು ಎದ್ದಾಗ, ನನ್ನದು ತಿಂಡಿಗೆ, ಮತ್ತೊಂದು ಮಧ್ಯಾಹ್ನಕ್ಕೆ! ಇದು ಮನೆಯೋ ಬಸ್ ಸ್ಟ್ಯಾಂಡೋ?"

"ಬಸ್ ಸ್ಟ್ಯಾಂಡಲ್ಲಿ ಇಂಥಾ ಕೆಲಸ ಮಾಡಿದ್ರೆ ನನ್ನ ಸಸ್ಪೆಂಡ್ ಮಾಡ್ತಿದ್ರು, ಅತ್ತೆ."

"ಅಂದ್ರೆ ನಾನು ಪ್ರೀತಿಯಿಂದ ಕೊಟ್ಟ ಮಾತ್ರೆ ನಿನಗೆ ವಿಷ ಆಯ್ತು."

"ವಿಷ ಅಲ್ಲ. ಜನಾನೆಲ್ಲ ತುಂಬ್ಕೊಂಡು ಹೋಗೋ ಮುಂದಿನ ಬಸ್ಸಾಯ್ತು."

ಅತ್ತೆಗೆ ಅರ್ಥವಾಗಲಿಲ್ಲ, ಆದ್ದರಿಂದ ಮುನಿಸಿಕೊಂಡರು. ತಮ್ಮ ಸುಣ್ಣದ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡಿದರು. ಬೆಳಿಗ್ಗೆ ಮೇಜಿನ ನಡುವಿನ ತಟ್ಟೆ ಖಾಲಿ ಇರುತ್ತಿತ್ತು. ಎದ್ದ ತಕ್ಷಣ ಮಾತ್ರೆ ನುಂಗಿದ ಟೈಮಮ್ಮ ಕಾಫಿಯಿಲ್ಲದ ಆ ಒಂದು ಗಂಟೆಯನ್ನು ಹಲ್ಲು ಕಚ್ಚಿ ಕಳೆಯುತ್ತಿದ್ದಳು. ಅವಳ ಜೊತೆ ಕಾಫಿ ಕುಡಿಯಲೆಂದು ಯಜಮಾನರೂ ಬಾಯಿ ಒಣಗಿಸಿಕೊಂಡು ಕೂರುತ್ತಿದ್ದರು. ಕೇಳಿದರೆ "ನನಗೂ ಆಮೇಲೇ ಕುಡಿದ್ರೆ ರುಚಿ" ಎನ್ನುತ್ತಿದ್ದರು. ಅದಕ್ಕೆ ಮುಂಚೆ ಅವರು ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಅವಳಿಗೆ ನೆನಪಿರಲಿಲ್ಲ.

ಒಂದು ಮಧ್ಯಾಹ್ನ ಗೂಡಿನ ಕಂಡಿಯಲ್ಲಿ ಒಂದು ಸುಕ್ಕುಗಟ್ಟಿದ ಕೈ ಬಂತು. ಅಂಗೈಯಲ್ಲಿ ಕೆಂಪು ಮಾತ್ರೆ.

"ಹಿಂದಿನ ಬಸ್ಸು ಬಂದಿದೆ, ನುಂಗು" ಎಂದರು ಅತ್ತೆ. ಇನ್ನೊಂದು ಕೈಯಲ್ಲಿ ನಿಂಬೆ ನೀರಿನ ಬಾಟ್ಲಿ. "ಹುಳಿ ಇದ್ರೆ ಕಬ್ಬಿಣ ಮೈಗೆ ಹಿಡಿಯುತ್ತಂತೆ. ಡಾಕ್ಟರಮ್ಮನ್ನ ನಾನೇ ಹೋಗಿ ಕೇಳ್ಕೊಂಡು ಬಂದೆ. ನಿನ್ನ ನಂಬೋಕಾಗಲ್ಲ."

ಟೈಮಮ್ಮ ನುಂಗಿದಳು. ಅತ್ತೆ ಅಲ್ಲೇ ನಿಂತು ಹಾರ್ನಣ್ಣನ ಬಸ್ಸನ್ನು ಮೇಲಿಂದ ಕೆಳಗೆ ನೋಡಿ, "ಇದನ್ನ ಯಾಕೆ ಇನ್ನೂ ಬಿಟ್ಟಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅಂದಿನಿಂದ ಅದು ದಿನದ ಕ್ರಮವಾಯಿತು.

ಈ ಸಲ ಟೈಮಮ್ಮ ಮೊದಲೇ ಎಚ್ಚರ ವಹಿಸಿದಳು. ಮಾತ್ರೆ ಪೂರ್ತಿ ಮೈಗೆ ಸೇರತೊಡಗಿದರೆ ಕೈ ತಾನಾಗಿ ಸೀಟಿಯ ಕಡೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹಾರ್ನಣ್ಣನನ್ನು ಕರೆದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಹೇಳಿದಳು: "ಸ್ವಲ್ಪ ದಿನ ನಾನು ಊದಿದ್ರೂ ಗಡಿಯಾರ ನೋಡದೆ ಗಾಡಿ ತೆಗೀಬೇಡ. ಬೇರೆಯವರಿಗೂ ಹೇಳು."

ಹಾರ್ನಣ್ಣ ಬೆನ್ನು ನೆಟ್ಟಗೆ ಮಾಡಿದ. "ಅಂದ್ರೆ ನಿಮ್ಮ ಸೀಟಿಗೆ ನಾನು ಟೈಮ್ ಕೀಪರ್ರಾ?"

"ನಗಬೇಡ. ಮೆಮೋ ಕೊಡ್ತೀನಿ."

ಅನುಮಾನಿಸಿದಂತೆಯೇ ಆಯಿತು. ಆರು ವಾರಕ್ಕೆ ನಂಬರ್ ಮತ್ತೆ ಗೆರೆಗಿಂತ ಕೆಳಗಿಳಿದಿತ್ತು. ನೂರು ಹೋಗಿ ಎಪ್ಪತ್ತೈದು ಬಂತು. ಅಷ್ಟೆಲ್ಲ ಏರಿ ಇಳಿದು ಕೊನೆಗೆ ಬಂದು ನಿಂತದ್ದು ಏರುವಾಗ ಎರಡನೆಯದಾಗಿ ಸಿಕ್ಕಿದ್ದ ಮೆಟ್ಟಿಲಿನಲ್ಲೇ. ಅದರ ಮುಂದಿನ ಪರೀಕ್ಷೆಯಲ್ಲಿ ನಂಬರ್ ಗೆರೆಯೊಳಗೆ ಬಂದು ಸಭ್ಯವಾಗಿ ಕೂತಿತ್ತು. ಕಬ್ಬಿಣದ ದಾಸ್ತಾನು ಮಾತ್ರ ಅವಸರವಿಲ್ಲದವರಂತೆ ತಿಂಗಳುಗಟ್ಟಲೆ ತೆಗೆದುಕೊಂಡು ತುಂಬಿತು. ಸುಣ್ಣ ಅವಳಿಗೆ ಬೇಕೇ ಇರಲಿಲ್ಲ. ಈ ಸುದ್ದಿಯನ್ನು ಅತ್ತೆಗೆ ಯಾರೂ ಹೇಳಲಿಲ್ಲ.

ರಿಪೋರ್ಟನ್ನು ಮ್ಯಾನೇಜರು ಎರಡು ಸಲ ಓದಿ, ಸಹಿ ಹಾಕಿ, "ಗೂಡು ನಿಮ್ಮದೇ" ಎಂದರು. ಟೈಮಮ್ಮ ಬಾಗಿಲ ತನಕ ಹೋದಾಗ ಕೆಮ್ಮಿದರು.

"ಅಂದ ಹಾಗೆ... ನನಗೂ ಅದೇ ಮಾತ್ರೆ ಬರೆದಿದಾರೆ. ಮೊದಲು ಕಾಫಿ ಕುಡಿದ್ರೆ ನಡೆಯುತ್ತಾ?"

"ಗ್ಯಾಪು ಸಾರ್" ಎಂದಳು ಟೈಮಮ್ಮ, ಮತ್ತು ವರ್ಷಗಳ ನಂತರ ಮೊದಲ ಬಾರಿಗೆ ಮ್ಯಾನೇಜರ ಕೋಣೆಯಿಂದ ನಗುತ್ತ ಹೊರಬಂದಳು.

ಉಳಿದ ಕಾಲ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಟವು, ಆದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ. ದೂರಿನ ಪೆಟ್ಟಿಗೆಯಲ್ಲಿ ಒಂದು ಹಲ್ಲಿ ಮೊಟ್ಟೆಯಿಟ್ಟಿತು. ಕೊನೆಯ ದಿನ ಟೈಮಮ್ಮ ತನ್ನ ಗೂಡಿನಿಂದಲೇ, ತನ್ನ ಸ್ಟೂಲಿನಿಂದಲೇ ಇಳಿದಳು. ಬದಲಿಗೆ ಬಂದ ಹೊಸ ಟೈಮ್ ಕೀಪರ್ ಹುಡುಗಿಗೆ ಗೂಡಿನ ಬೀಗದ ಕೈ ಕೊಟ್ಟಳು. ಸೀಟಿ ಕೊಡಲಿಲ್ಲ, ಅದು ಸ್ವಂತದ್ದು.

ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಊರಿನ ಇನ್ನೊಂದು ಕೊನೆಯಲ್ಲಿ ಬಾಡಿಗೆ ಮನೆ ನೋಡಿದ್ದರು. ಸಾಮಾನಿನ ವ್ಯಾನು ಬೆಳಿಗ್ಗೆಯೇ ಬಂದು ನಿಂತಿತು. ಮಂಚ ಏರಿತು, ಮೇಜು ಏರಿತು, ಯಜಮಾನರು ಹಿಂದೆ ಹತ್ತಿದರು, ಅತ್ತೆ ಮುಂದೆ ಕೂತು ವ್ಯಾನಿನವನಿಗೆ ದಾರಿ ಹೇಳತೊಡಗಿದರು. ಖಾಲಿ ಅಡುಗೆಮನೆಯಲ್ಲಿ ಒಂದು ಸ್ಟೋವು, ಒಂದು ಪಾತ್ರೆ, ಒಂದು ಲೋಟ, ಕಿಟಕಿಯಲ್ಲಿ ಆ ತಟ್ಟೆ ಮಾತ್ರ ಉಳಿದಿದ್ದವು.

"ಅಮ್ಮಾ, ಹೊರಡೋಣ್ವಾ?" ವ್ಯಾನಿನವನು ಕೂಗಿದ.

"ಇನ್ನೂ ಗಂಟೆ ಆಗಿಲ್ಲಪ್ಪ!"

"ಯಾವ ಗಂಟೆ?"

"ಸುಮ್ನಿರು, ಅವಳ ಕಾಫಿ ಗಂಟೆ" ಎಂದರು ಅತ್ತೆ. "ಅದಕ್ಕೆ ಮುಂಚೆ ಮಿನಿಸ್ಟ್ರು ಬಂದ್ರೂ ಹೊರಡಲ್ಲ."

ಗಂಟೆಯಾಯಿತು. ಟೈಮಮ್ಮ ನಿಂತೇ ಕಾಫಿ ಕುಡಿದಳು. ಲೋಟ ತೊಳೆದಳು, ಸ್ಟೋವು ಪಾತ್ರೆಗಳನ್ನು ಚೀಲಕ್ಕೆ ಹಾಕಿದಳು. ಸ್ಟೀಲಿನ ಸಣ್ಣ ತಟ್ಟೆಯನ್ನು ಸೆರಗಿನಿಂದ ಒರೆಸಿ ಎಲ್ಲಕ್ಕಿಂತ ಮೇಲಿಟ್ಟಳು. ಹೊಸ ಮನೆಯಲ್ಲಿ ಅದರಲ್ಲಿ ಬಿಸ್ಕತ್ತು ಇಡುವುದೆಂದು ಮಾತಾಗಿತ್ತು. ಬಾಗಿಲು ಎಳೆದು ಬೀಗ ಹಾಕಿ ಮೆಟ್ಟಿಲಿಳಿದಳು. ಎದುರುಮನೆಯ ಮೇಷ್ಟ್ರು ಜಗಲಿಯಲ್ಲಿ ನಿಂತಿದ್ದರು; ಒಳಗೆ ಗೋಡೆಯ ಮೇಲೆ, ನಿನ್ನೆಯಷ್ಟೇ ರಿಪೇರಿಯಾಗಿ ಬಂದ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

ವ್ಯಾನು ಹತ್ತಿ, ಅತ್ತೆಯ ಪಕ್ಕ ಕೂತು, ಎಲ್ಲ ಸರಿಯಿದೆಯೆಂದು ಒಮ್ಮೆ ಹಿಂದೆ ನೋಡಿದಳು. ಕೈ ತಾನಾಗಿ ಕೊರಳ ಸೀಟಿಗೆ ಹೋಯಿತು. ಊದಿದಳು.

ವ್ಯಾನು ಹೊರಟಿತು. ಗೋಡೆಯ ಆಚೆ ನಿಲ್ದಾಣದಲ್ಲಿ ಒಂದು ಬಸ್ಸು ಗಡಗಡ ಎಂದು ಶುರುವಾಗಿ, ಉದ್ದಕ್ಕೆ ಹಾರ್ನ್ ಹೊಡೆಯುತ್ತ ಗೇಟು ದಾಟಿತು. ಅದರ ಹಿಂದೆಯೇ ಹೊಸ ಹುಡುಗಿಯ ಕೂಗು ಕೇಳಿಸಿತು: "ಹಾರ್ನಣ್ಣಾ! ಇನ್ನೂ ಟೈಮ್ ಆಗಿಲ್ಲ! ಗಡಿಯಾರ ನೋಡಲ್ವಾ?"

ಟೈಮಮ್ಮ ಸೀಟಿಯನ್ನು ಬೇಗ ಬೇಗ ಸೆರಗಿನೊಳಗೆ ಸೇರಿಸಿ, ತಾನಲ್ಲ ಎನ್ನುವಂತೆ ರಸ್ತೆಯ ಕಡೆ ನೋಡುತ್ತ ಕೂತಳು.